ಉಡಿದಾರ ಮುಟ್ಟುವ ಕೂದಲು

ಅಕ್ಟೋಬರ್ 3

ಹುಡುಗಿ ನಿನ್ನೆ ಮಧ್ಯಾಹ್ನ ಬಂದಳು. ಜಿಬ್ರೀನ್ ಮೊಂಗೋಗೆ ಹೋಗಿ, ಅವಳ ಅಜ್ಜಿಯ ಮನೆಯಿಂದ ಬಸ್ಸಿನಲ್ಲಿ ಕರೆತಂದ. ಎನ್‌ಜಮೇನಾ ರಾಜಧಾನಿ, ಇಲ್ಲಿ ಶಾಲೆ ಚೆನ್ನಾಗಿದೆ, ಮಗಳು ಕಣ್ಣೆದುರಿಗೆ ಇರಲಿ ಎಂದು ಅವನು ನಮ್ಮ ಮದುವೆಗೆ ಮೊದಲೇ ಹೇಳಿದ್ದ. ನಾನು ಒಪ್ಪಿದ್ದೆ. ಬಾಯಲ್ಲಿ ಒಪ್ಪುವುದು ಸುಲಭ.

ಹೆಸರು ರಖಿಯಾ. ಎಂಟು ವರ್ಷ. ತಾಯಿ ಹಲಿಮೆ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಹುಡುಗಿ ನನ್ನನ್ನು ಏನೆಂದೂ ಕರೆಯುವುದಿಲ್ಲ. ನೀರು ಬೇಕಾದರೆ ಮಡಕೆಯ ಪಕ್ಕ ಹೋಗಿ ಸುಮ್ಮನೆ ನಿಲ್ಲುತ್ತಾಳೆ, ನಾನು ನೋಡುವವರೆಗೆ.

ಸಂಜೆ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಕೂದಲು ಕಂಡೆ. ಅಬ್ಬಾ! ದಪ್ಪ ದಪ್ಪ ಐದು ಜಡೆಗಳು ಕೂದಲು ಮುರಿಯದಂತೆ ಹಚ್ಚುವ ಚೆಬೆ ಪುಡಿ ಮೆತ್ತಿಕೊಂಡು ಕೆಂಗಂದು ಬಣ್ಣಕ್ಕೆ ತಿರುಗಿ ಬೆನ್ನ ತುಂಬ ಬಿದ್ದಿವೆ. ಕೋಣೆಗೆಲ್ಲ ಲವಂಗದ ಘಾಟು. ನಮ್ಮದು ನದಿ ದಂಡೆಯ ಮನೆತನ, ಮೀನಿನವರು. ನಮ್ಮ ಹೆಂಗಸರ ಕೂದಲು ಹೆಗಲು ಮುಟ್ಟಿದರೆ ಅದೇ ಹಬ್ಬ. ನನ್ನದು ಕಿವಿಯನ್ನೂ ದಾಟಿಲ್ಲ.

ಬಸ್ಸು ಹತ್ತಿಸುವಾಗ ಅಜ್ಜಿ ಅವಳಿಗೊಂದು ಮಾತು ಕೊಟ್ಟಿದ್ದಾಳಂತೆ. "ನಿನ್ನ ಕೂದಲು ಉಡಿದಾರದ ಮಣಿ ಮುಟ್ಟಿದ ದಿನ ನಾನೇ ಬಂದು ನಿನ್ನ ವಾಪಸ್ಸು ಕರ್ಕೊಂಡು ಹೋಗ್ತೀನಿ." ಅಳು ನಿಲ್ಲಿಸಲು ಹೇಳಿದ್ದಿರಬೇಕು. ಹುಡುಗಿ ಪೂರ್ತಿ ನಂಬಿದ್ದಾಳೆ. ಸದ್ಯ ಅರ್ಧ ಗೇಣು ಕಡಿಮೆಯಿದೆ.

ಒಳ್ಳೆಯದೇ. ಅರ್ಧ ಗೇಣು ಎಷ್ಟರ ಮಾತು? ಬರುವ ಮಳೆಗಾಲದ ಹೊತ್ತಿಗೆ ಅವರವರು ಅವರವರ ಮನೆಯಲ್ಲಿ. ಮಕ್ಕಳಾಗಲಿಲ್ಲವೆಂದು ಕೂಸೇರಿ ಊರಿನ ನನ್ನ ಮೊದಲ ಗಂಡ ಏಳು ವರ್ಷದ ಮೇಲೆ ನನ್ನನ್ನು ತವರಿಗೆ ಕಳಿಸಿದ. ಅಂದೇ ಆ ಆಸೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ಇನ್ನೊಬ್ಬಳ ಮಗುವಿಗಾಗಿ ಅದನ್ನು ಕೊಡವಿ ತೆಗೆಯುವುದು ಬೇಡ.

ಅಕ್ಟೋಬರ್ 6, ಭಾನುವಾರ

ಇವತ್ತು ಅವಳ ತಲೆ ತೊಳೆದೆ. ತೊಳೆದೆ ಎನ್ನುವುದಕ್ಕಿಂತ ಕುಸ್ತಿ ಆಡಿದೆ. ಜಡೆ ಬಿಚ್ಚಿ, ಒಣಗಿದ ಕೂದಲಿಗೇ ಬಾಚಣಿಗೆ ಹಾಕಿ ಎಳೆದೆ. ನನ್ನ ತಲೆಗೆ ನಾನು ಮಾಡಿಕೊಳ್ಳುವುದು ಹಾಗೆಯೇ. ಬಾಚಣಿಗೆಯ ಎರಡು ಹಲ್ಲು ಮುರಿದವು. ಹುಡುಗಿ ಕಿರುಚಲಿಲ್ಲ, ಅಳಲಿಲ್ಲ. ಕೆಳಗೆ ಬಿದ್ದ ಕೂದಲನ್ನೆಲ್ಲ ಆಯ್ದು ಸುರುಳಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡಳು.

ಸಂಜೆ ಅಜ್ಜಿಯ ಫೋನು. ಹುಡುಗಿ ಮೂಲೆಯಲ್ಲಿ ನಿಂತು ಪಿಸುಗುಟ್ಟಿದಳು, ಆಮೇಲೆ ಫೋನು ನನ್ನ ಕೈಗೆ ಕೊಟ್ಟಳು. ಕಲ್ತೂಮಾ ಎಂಬ ಆ ಮುದುಕಿಯ ದನಿಗೆ ಫೋನೇ ಬೇಕಿಲ್ಲ, ಮೊಂಗೋದ ಗುಡ್ಡದ ಮೇಲೆ ನಿಂತು ಕೂಗಿದರೂ ಇಲ್ಲಿಗೆ ಕೇಳಿಸುತ್ತದೆ.

"ಏನೇ ಮೀನಿನೋಳೆ! ಅದು ಮಗು ತಲೆ ಅಂದ್ಕೊಂಡ್ಯೋ, ಮೀನಿನ ಮೈ ಅಂದ್ಕೊಂಡ್ಯೋ? ಚಿಪ್ಪು ಹೆರೆದ ಹಾಗೆ ಹೆರೆದಿದ್ದೀಯಂತೆ!"

"ಸಿಕ್ಕಿತ್ತು ದೊಡ್ಡಮ್ಮ, ಬಿಡಿಸ್ಬೇಕಲ್ಲ..."

"ಒಣ ಕೂದಲಿಗೆ ಬಾಚಣಿಗೆ ಇಟ್ರೆ ಆ ಕೈಗೆ ಹುಳ ಬೀಳುತ್ತೆ. ಮೊದಲು ನೀರು. ಆಮೇಲೆ ಎಣ್ಣೆ. ಆಮೇಲೆ ಬೆರಳು. ತುದಿಯಿಂದ ಶುರು ಮಾಡಿ ಮೇಲಕ್ಕೆ ಬಾ, ಮೇಲಿಂದ ಕೆಳಗೆ ಅಲ್ಲ. ಗೊತ್ತಾಯ್ತಾ? ಚೆಬೆ ಬುಡಕ್ಕೆ ಹಚ್ಚಬೇಡ, ತಲೆ ತುರಿಸುತ್ತೆ. ಉದ್ದಕ್ಕೆ ಹಚ್ಚು, ಹೆಣೆದು ಬಿಟ್ಟುಬಿಡು. ಕೂದಲನ್ನ ಯಾರೂ ಬೆಳೆಸಲ್ಲ ಕಣೇ, ಅದೇ ಬೆಳೆಯುತ್ತೆ. ಮುರೀದೆ ನೋಡ್ಕೋಬೇಕು, ಅಷ್ಟೇ ನಿನ್ನ ಕೆಲಸ. ಅಷ್ಟೂ ಆಗಲ್ವಾ?"

ಇಪ್ಪತ್ತು ಮಾತಿನಲ್ಲಿ ಹದಿನೈದು ಬೈಗುಳ. ಜಿಬ್ರೀನ್ ಗೋಡೆ ಕಡೆ ತಿರುಗಿ ನಗುತ್ತಿದ್ದ.

ಅಕ್ಟೋಬರ್ 13

ಮುದುಕಿ ಹೇಳಿದಂತೆ ಮಾಡಿದೆ. ನೀರು, ಎಳ್ಳೆಣ್ಣೆ, ಬೆರಳು. ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ನಾನು ಹಿಂದೆ ಮಣೆ ಹಾಕಿಕೊಂಡು ಕುಳಿತೆ. ಮೊಂಗೋದಿಂದ ಬಂದ ಡಬ್ಬಿಯ ಚೆಬೆಯನ್ನು ಎಣ್ಣೆಯಲ್ಲಿ ಕಲಸಿ ಎಸಳೆಸಳಿಗೆ ಸವರಿ ಹೆಣೆದೆ. ಮುಗಿಯುವಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಕರೆ. ಬೆನ್ನು ಬಿಲ್ಲಾಯಿತು.

ಮುಗಿದ ಮೇಲೆ ಹುಡುಗಿ ಎದ್ದು ನಿಂತು ಅಂಗಿ ಎತ್ತಿ ಸೊಂಟದ ಮಣಿಸರ ತೋರಿಸಿದಳು. ನೀಲಿ ಮಣಿಗಳ ನಡುವೆ ಅಲ್ಲಲ್ಲಿ ಬಿಳಿ. ಹಲಿಮೆ ಪೋಣಿಸಿದ್ದಂತೆ. ತಲೆಯನ್ನು ಹಿಂದಕ್ಕೆ ಎಷ್ಟು ಬಾಗಿಸಿದಳೆಂದರೆ ಕಣ್ಣು ಸೂರಿನ ಕಡೆಗಿತ್ತು.

"ಮುಟ್ತಾ?"

"ತಲೆ ನೆಟ್ಟಗೆ ಇಟ್ಕೊ. ಹಾಗೆ ಬಾಗಿಸಿದ್ರೆ ಕೋಳಿ ಪುಕ್ಕಾನೂ ಸೊಂಟ ಮುಟ್ಟುತ್ತೆ."

ನೆಟ್ಟಗೆ ನಿಂತಳು. ಅರ್ಧ ಗೇಣು ಅರ್ಧ ಗೇಣೇ. ಅವಳ ಮುಖ ನೋಡಿ, "ವಾರವಾರ ತಪ್ಪದೆ ಮಾಡೋಣ, ಬೇಗ ಬರುತ್ತೆ" ಎಂದೆ. ಇದರಲ್ಲಿ ನಮ್ಮಿಬ್ಬರ ಮನಸ್ಸೂ ಒಂದೇ.

ಅಕ್ಟೋಬರ್ 27

ತೊಳೆದೆ, ಹೆಣೆದೆ. ಮಾತಿಲ್ಲ, ಕತೆಯಿಲ್ಲ. ದಿಂಬಿನ ಮೇಲೆ ಒರಟು ಬಟ್ಟೆ ಹಾಕಬಾರದಂತೆ, ಕೂದಲನ್ನು ಅದು ತಿಂದುಬಿಡುತ್ತದಂತೆ. ಇದೂ ಮುದುಕಿಯ ಆಜ್ಞೆ. ಮದುವೆಯಲ್ಲಿ ನಾನು ಮೈಗೆ ಸುತ್ತಿದ್ದ ನುಣುಪು ಲಫಾಯೆಯ ಅಂಚು ಕತ್ತರಿಸಿ ಅವಳ ದಿಂಬಿಗೆ ಹೊಲಿದೆ. ಹೇಗೂ ಅದನ್ನು ಉಡುವುದಿಲ್ಲ.

ನವೆಂಬರ್ 12

ಔಷಧಿ ಅಂಗಡಿಯಲ್ಲಿ ಕೆಲಸ ಮುಗಿಸಿ ಬರುವಾಗ ಹುಡುಗಿ ಶಾಲೆಯ ಗೇಟಿನ ಹೊರಗೆ ಒಬ್ಬಳೇ ಕುಳಿತಿದ್ದಳು. ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಏನಾಯಿತೆಂದರೆ ಹೇಳಳು. ಮನೆಗೆ ಬಂದು ಸಜ್ಜೆ ಮುದ್ದೆ ಮುಂದಿಟ್ಟ ಮೇಲೆ ಬಾಯಿ ಬಿಟ್ಟಳು. ಬೆಂಚಿನಲ್ಲಿ ಪಕ್ಕ ಕೂರುವವಳು ಮೂಗು ಮುಚ್ಚಿಕೊಂಡು ಬೇರೆ ಕಡೆ ಹೋದಳಂತೆ. "ನಿನ್ನ ತಲೆ ಮಸಾಲೆ ಅಂಗಡಿ ವಾಸನೆ ಬರುತ್ತೆ" ಎಂದಳಂತೆ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ಯಾಕೆ ಬಂತೋ.

"ನೋಡು, ನಾನು ನಿನ್ನಷ್ಟಿದ್ದಾಗ ಶಾಲೇಲಿ ನನ್ನನ್ನ ಏನಂತ ಕರೀತಿದ್ರು ಗೊತ್ತಾ? ಒಣಮೀನು. ಮೇಷ್ಟ್ರೂ ಹಾಗೇ ಕರೀತಿದ್ರು."

ಅವಳು ಮುದ್ದೆ ಬಿಟ್ಟು ನನ್ನ ಮುಖ ನೋಡಿದಳು. "ನೀವು ಏನು ಮಾಡಿದ್ರಿ?"

"ಒಂದಿನ ನಿಜವಾದ ಒಣಮೀನು ತಗೊಂಡ್ಹೋಗಿ ಮೇಷ್ಟ್ರ ಕುರ್ಚಿ ಕೆಳಗೆ ಕಟ್ಟಿದೆ. ಪಾಪ, ಇಡೀ ದಿನ ತಮ್ಮ ಕಾಲು ತಾವೇ ಮೂಸಿ ನೋಡ್ಕೊಂಡ್ರು."

ಹುಡುಗಿ ನಕ್ಕಳು. ಮೇಲಿನ ಒಂದು ಹಲ್ಲು ಬಿದ್ದಿದೆ, ಇವತ್ತೇ ಕಂಡದ್ದು.

ನವೆಂಬರ್ 14

ಶಾಲೆಯಿಂದ ಕರೆ. ರಖಿಯಾ ಚಿಟಿಕೆ ಚೆಬೆ ತಂದು ಪಕ್ಕದವಳ ಚೀಲದೊಳಗೆ ಉದುರಿಸಿದ್ದಾಳೆ. "ಇಂಥ ಬುದ್ಧಿ ಮಗೂಗೆ ಯಾರು ಕಲಿಸ್ತಾರೋ" ಎಂದರು ಟೀಚರು. ನಾನು ನೆಲ ನೋಡುತ್ತ ನಿಂತಿದ್ದೆ.

ಡಿಸೆಂಬರ್ 22

ಬಡಗಣ ಗಾಳಿ ಶುರುವಾಗಿದೆ. ಊರಿಗೆಲ್ಲ ದೂಳಿನ ಮುಸುಕು, ತುಟಿ ಒಡೆಯುತ್ತಿದೆ. ಕೂದಲಿಗೂ ಅದೇ ಕಾಯಿಲೆ: ಎಷ್ಟು ಎಣ್ಣೆ ಹಾಕಿದರೂ ಕುಡಿದುಬಿಡುತ್ತದೆ. ಈಗ ವಾರದ ನಡುವೆಯೂ ಒಮ್ಮೆ ಜಡೆಗಳಿಗೆ ನೀರು ಚಿಮುಕಿಸಿ ಎಣ್ಣೆ ಸವರುತ್ತೇನೆ. ಅವಳು ಅಷ್ಟು ಹೊತ್ತು ಪಾಠ ಓದುತ್ತಾಳೆ. ತಪ್ಪು ಓದಿದರೆ ಜಡೆ ಮೆಲ್ಲಗೆ ಎಳೆಯುತ್ತೇನೆ. ಅವಳು ಓದಿದ್ದು ತಪ್ಪೋ ಸರಿಯೋ ಎಷ್ಟೋ ಸಲ ನನಗೂ ಗೊತ್ತಿರುವುದಿಲ್ಲ.

ಜನವರಿ 19

ಇವತ್ತು ಕೆಟ್ಟ ದಿನ.

ಜಡೆ ಬಿಚ್ಚಿದಾಗ ತುದಿಗಳೆಲ್ಲ ಸೀಳಿದ್ದವು. ಅಜ್ಜಿಗೆ ಫೋನು ಮಾಡಿ ಕೇಳಿದೆ. "ಎರಡು ಬೆರಳು ಕತ್ತರಿಸು. ಬಿಟ್ರೆ ಸೀಳು ಮೇಲಕ್ಕೆ ಹತ್ತುತ್ತೆ" ಎಂದಳು. ಹುಡುಗಿಗೆ ಹೇಳದೆ ಕತ್ತರಿ ಹಾಕಿದ್ದು ನನ್ನ ತಪ್ಪಿರಬಹುದು. ಕತ್ತರಿಯ ಸದ್ದು ಕೇಳಿದವಳೇ ಎದ್ದು ನಿಂತಳು. ಕೆಳಗೆ ಬಿದ್ದ ತುದಿಗಳನ್ನು ನೋಡಿ ಇದುವರೆಗೆ ನಾನು ಕೇಳದ ದನಿಯಲ್ಲಿ ಕೂಗಿದಳು.

"ಬೇಕಂತ ಕತ್ತರಿಸಿದ್ರಿ! ನಾನು ಅಜ್ಜಿ ಹತ್ರ ಹೋಗಬಾರದು ಅಂತ ಕತ್ತರಿಸಿದ್ರಿ!"

"ಅಜ್ಜೀನೇ ಹೇಳಿದ್ದು ಕಣೆ, ಕೇಳು..."

"ಸುಳ್ಳು! ನೀವು ನಮ್ಮಮ್ಮ ಅಲ್ಲ! ನಮ್ಮಮ್ಮ ಕತ್ತರೀನೇ ಮುಟ್ತಿರಲಿಲ್ಲ!"

ಆಗ ನನ್ನ ಬಾಯಿಂದ ಬಂತು. "ನೀನು ಹೋಗಬಾರದು ಅಂತಾನಾ? ನಿನ್ನನ್ನ ಆದಷ್ಟು ಬೇಗ ಕಳಿಸೋಕೇ ಅಲ್ವೇನೆ ನಾನು ವಾರವಾರ ಬೆನ್ನು ಮುರ್ಕೊಳ್ಳೋದು!"

ಅವಳು ಬಂದು ಚಾಪೆಯ ಮೇಲೆ ಕುಳಿತು ತಲೆ ಕೊಟ್ಟಳು. ಪೂರ್ತಿ ಹೆಣೆಯುವವರೆಗೂ ಅಲ್ಲಾಡಲಿಲ್ಲ. ಅಳೆಯಲೂ ಹೇಳಲಿಲ್ಲ.

ಜನವರಿ 20

ಹೇಳಿದ್ದರಲ್ಲಿ ಸುಳ್ಳೇನಿದೆ? ಏನೂ ಇಲ್ಲ. ಅಂಗಡಿಯಲ್ಲಿ ಮೂರು ಸಲ ಮಾತ್ರೆ ತಪ್ಪಾಗಿ ತೆಗೆದೆ.

ಜನವರಿ 26

ಹೆಣೆದೆ. ಅವಳಿಗೆ ಇಷ್ಟವೆಂದು ಎಳ್ಳುಂಡೆ ತಂದಿದ್ದೆ. "ಬೇಡ" ಎಂದಳು. ಜಿಬ್ರೀನ್ ಹಳ್ಳಿಗಳಲ್ಲಿ ನೀರಿನ ಪಂಪು ರಿಪೇರಿಗೆ ಹೋಗಿ ಹತ್ತು ದಿನವಾಯಿತು. ಮನೆಯಲ್ಲಿ ಇಬ್ಬರೇ. ಎಳ್ಳುಂಡೆ ಇರುವೆಗಳ ಪಾಲಾಯಿತು.

ಫೆಬ್ರವರಿ 8

ರಖಿಯಾಗೆ ಜ್ವರ. ಕಣ್ಣು ಕೆಂಪಗಾಗಿದೆ, ಕಿವಿಯ ಹಿಂದೆ ಗುಳ್ಳೆ ಎದ್ದಿವೆ. ದಡಾರ ಎಂದರು ಆರೋಗ್ಯ ಕೇಂದ್ರದಲ್ಲಿ. ಓಣಿಯಲ್ಲಿ ಬೇರೆ ಮಕ್ಕಳಿಗೂ ಆಗಿದೆ.

ಫೆಬ್ರವರಿ 10

ಜ್ವರ ಇಳಿದಿಲ್ಲ. ಅಂಗಡಿಗೆ ರಜೆ ಹೇಳಿದೆ.

ಫೆಬ್ರವರಿ 11

ಜಿಬ್ರೀನ್ ಇನ್ನೂ ದಾರಿಯಲ್ಲಿದ್ದಾನೆ. ನೀರೂ ನಿಲ್ಲುತ್ತಿಲ್ಲ ಅವಳ ಹೊಟ್ಟೆಯಲ್ಲಿ.

ಫೆಬ್ರವರಿ 13

ಬರೆಯಲು ಈಗ ಸಮಯ ಸಿಕ್ಕಿದೆ. ಅವಳು ಮಲಗಿದ್ದಾಳೆ, ಉಸಿರು ಸರಾಗವಾಗಿದೆ.

ನಾಲ್ಕು ದಿನ ಹೊರಳಾಡಿ ಜಡೆಗಳೆಲ್ಲ ಬಿಚ್ಚಿ ಬೆವರಿನಲ್ಲಿ ಗಂಟು ಬಿದ್ದು ಹಿಂದಲೆ ಒಂದೇ ಮುದ್ದೆಯಾಗಿತ್ತು. ಆರೋಗ್ಯ ಕೇಂದ್ರದಿಂದ ಬಂದ ದಾದಿ ನೋಡಿ, "ಬೋಳಿಸಿಬಿಡಿ, ಮಗೂಗೂ ಹಗುರ, ನಿಮಗೂ ಹಗುರ" ಎಂದಳು. ಅವಳು ಒಳ್ಳೆಯದಕ್ಕೇ ಹೇಳಿದ್ದು. ಅಜ್ಜಿಗೆ ಫೋನು ಮಾಡಿದೆ, ಬೈಗುಳಕ್ಕೆ ಸಿದ್ಧಳಾಗಿಯೇ ಮಾಡಿದೆ. "ಬೋಳಿಸ್ಬೇಕಾದ್ರೆ ಬೋಳಿಸು ತಾಯಿ. ಕೂದಲು ಮತ್ತೆ ಬರುತ್ತೆ. ಮಗು..." ಎಂದಳು. ಅಷ್ಟೇ. ಆ ದನಿ ಅವಳದೆಂದು ನಂಬುವುದೇ ಕಷ್ಟವಾಯಿತು.

ಬೋಳಿಸಬಹುದಿತ್ತು. ಬೋಳಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಜ್ವರದಿಂದ ಎದ್ದ ಮಗು ತಲೆ ಮುಟ್ಟಿ ನೋಡಿಕೊಳ್ಳುತ್ತದಲ್ಲ, ಆಗ ನಾನು ಯಾವ ಮುಖ ಇಟ್ಟುಕೊಳ್ಳಲಿ? ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಚ್ಚನೆ ನೀರು, ಎಣ್ಣೆ, ಬೆರಳು. ಒಂದೊಂದೇ ಎಳೆ, ತುದಿಯಿಂದ ಮೇಲಕ್ಕೆ. ಅವಳು ಎಚ್ಚರವಾದಾಗ ಚಮಚೆಯಲ್ಲಿ ಗಂಜಿ, ಮಲಗಿದಾಗ ಗಂಟು. ನಿನ್ನೆ ಬೆಳಿಗ್ಗೆ ಶುರು ಮಾಡಿದ್ದು ಇವತ್ತು ಮಧ್ಯಾಹ್ನ ಮುಗಿಯಿತು. ಬೆರಳ ತುದಿ ಸುಲಿದಿದೆ, ಪೆನ್ನು ಹಿಡಿದರೆ ಉರಿಯುತ್ತದೆ.

ನಡುವೆ ಒಮ್ಮೆ ಒಲೆಯ ಮೇಲಿನ ಗಂಜಿ ನೋಡಲು ಎದ್ದೆ. ಕಣ್ಣು ಮುಚ್ಚಿಕೊಂಡೇ ಸೆರಗು ಹಿಡಿದಳು.

"ಎಲ್ಲಿಗೆ ಹೋಗ್ತೀಯಾ ಚಿಕ್ಕಮ್ಮ?"

"ಎಲ್ಲೂ ಇಲ್ಲ, ಇಲ್ಲೇ ಒಲೆ ಹತ್ರ."

"ಬೇಡ."

ಗಂಜಿ ತಳ ಹತ್ತಿತು. ಪಾತ್ರೆ ಇನ್ನೂ ತಿಕ್ಕಬೇಕು.

ಮಾರ್ಚ್ 2

ಉಪವಾಸದ ತಿಂಗಳು ಬಂತು. ರಖಿಯಾ ತಾನೂ ಉಪವಾಸ ಇರುತ್ತೇನೆಂದು ಹಟ. ಕಾಯಿಲೆಯಿಂದ ಎದ್ದವಳಿಗೆ ಎಂಥ ಉಪವಾಸ? ಮಧ್ಯಾಹ್ನದವರೆಗೆ ಇದ್ದರೆ ಮಕ್ಕಳ ಲೆಕ್ಕದಲ್ಲಿ ಪೂರ್ತಿ ಎಂದು ಹೇಳಿ ಒಪ್ಪಿಸಿದೆ. ಈಗ ಓಣಿಯ ಮಕ್ಕಳಿಗೆಲ್ಲ ಅದೇ ಶಾಸ್ತ್ರ ಹೇಳಿಕೊಡುತ್ತಿದ್ದಾಳೆ.

ಜ್ವರದಲ್ಲಿ ಕೂದಲು ಉದುರುವುದೆಂದು ಹೆದರಿದ್ದೆ. ಉದುರಿತು, ಆದರೆ ಸ್ವಲ್ಪ. ಬುಡದಲ್ಲಿ ಹೊಸ ಕೂದಲು ಹುಲ್ಲಿನ ಮೊಳಕೆಯಂತೆ ನಿಂತಿದೆ.

ಮಾರ್ಚ್ 23

ಜಡೆ ಮುಗಿಸಿ ತುಂಬ ದಿನದ ಮೇಲೆ ಅಳೆದೆವು. ಅಳೆಯುವಾಗ ಅವಳು ತಲೆಯನ್ನು ಎದೆಗೆ ತಾಗುವಷ್ಟು ಮುಂದಕ್ಕೆ ಬಗ್ಗಿಸಿದಳು. ಕೂದಲು ಮೇಲೆ ಹೋಯಿತು. "ನೆಟ್ಟಗೆ ನಿಲ್ಲೇ" ಎಂದರೆ, "ಕುತ್ತಿಗೆ ನೋವು ಚಿಕ್ಕಮ್ಮ" ಎಂದಳು. ಜ್ವರದ ನಿತ್ರಾಣ ಇನ್ನೂ ಇರಬೇಕು. ಅಂಗಡಿಯಿಂದ ಮುಲಾಮು ತಂದು ಮಲಗುವ ಮುಂಚೆ ತಿಕ್ಕಿದೆ.

ಏಪ್ರಿಲ್ 6

ಹಬ್ಬ ಚೆನ್ನಾಗಿ ಆಯಿತು. ಅಳತೆ: ಇನ್ನೂ ಮೂರು ಬೆರಳು ಬೇಕು. ಕುತ್ತಿಗೆ ನೋವು ಬಿಟ್ಟಿಲ್ಲ. ಮುಲಾಮು ಬದಲಾಯಿಸಬೇಕು.

ಏಪ್ರಿಲ್ 27

ಬಿಸಿಲು ಬೆಂಕಿ. ಎಲ್ಲರೂ ಅಂಗಳದಲ್ಲೇ ಮಲಗುತ್ತೇವೆ. ಸೆಕೆಗೆಂದು ರಖಿಯಾಳ ಜಡೆಗಳನ್ನು ಮೇಲಕ್ಕೆ ಮಡಚಿ ಕಟ್ಟಲು ಶುರು ಮಾಡಿದ್ದೇನೆ. ಬೆನ್ನಿಗೆ ಗಾಳಿಯಾಡುತ್ತದೆ.

ಅಜ್ಜಿ ಫೋನಿನಲ್ಲಿ ಕೇಳಿದಳು. "ಎಲ್ಲಿಗೆ ಬಂತು?"

"ಇನ್ನೂ ಇದೆ ದೊಡ್ಡಮ್ಮ. ಈ ಬಿಸಿಲಿಗೆ ಎಲ್ಲಿ ಬೆಳೆಯುತ್ತೆ?"

"ಬಿಸಿಲಿಗೆ ಕೂದಲು ಬೆಳೆಯಲ್ಲ ಅಂತ ನಿನಗ್ಯಾರು ಹೇಳಿದ್ದು? ಮೀನು ಹೇಳ್ತಾ?"

ಹಿಂದಿನ ಭಾನುವಾರ ತೊಳೆದಾಗ ತುದಿ ಮಣಿಯನ್ನು ಮುಟ್ಟಿದ ಹಾಗಿತ್ತು. ಆದರೆ ಒದ್ದೆ ಕೂದಲು ಯಾವಾಗಲೂ ಉದ್ದ ಕಾಣುತ್ತದೆ. ಅದು ಲೆಕ್ಕಕ್ಕಿಲ್ಲ.

ಮೇ 18

ರಖಿಯಾ ತರಗತಿಯಲ್ಲಿ ಎರಡನೆಯವಳು. ಮೊದಲನೆಯವಳು ಆ ಮೂಗು ಮುಚ್ಚಿಕೊಂಡ ಹುಡುಗಿ. ಈಗ ಇಬ್ಬರೂ ಗಳಸ್ಯ ಕಂಠಸ್ಯ. ಅವಳೂ ಭಾನುವಾರ ಬಂದು ಚಾಪೆಯ ಮೇಲೆ ಕೂರುತ್ತಾಳೆ, ತನಗೂ ಹೆಣೆಯಬೇಕಂತೆ. ನನಗೇನು ಹತ್ತು ಕೈ ಇವೆಯೇ? ಇಬ್ಬರಿಗೂ ಹೆಣೆದೆ.

ಜೂನ್ 8

ಬಕ್ರೀದ್ ಹಬ್ಬದ ಶುಭಾಶಯ ಹೇಳಲು ಅಜ್ಜಿ ಫೋನು ಮಾಡಿದಳು. ಮಳೆ ಬಿದ್ದು ರಸ್ತೆ ಕೆಡುವ ಮೊದಲು ಬರುತ್ತಾಳಂತೆ. "ಮಾತು ಕೊಟ್ಟಿದ್ದೀನಿ. ಎಂಟು ತಿಂಗಳಾಯ್ತು. ಎಲ್ಲಿಗೆ ಬಂದಿದೆ ಅಂತ ನನ್ನ ಕಣ್ಣಲ್ಲೇ ನೋಡ್ತೀನಿ."

ಜಿಬ್ರೀನ್‌ನನ್ನು ಕೇಳಿದೆ. ಅವನು ಟೀ ಲೋಟ ಕೆಳಗಿಟ್ಟ. "ಇಲ್ಲೇ ಇರಲಿ ಅಂತ ನನಗೂ ಆಸೆ. ಆದ್ರೆ ಆ ಮುದುಕಿ ಹೆತ್ತ ಮಗಳನ್ನ ಮಣ್ಣು ಮಾಡಿದ್ದಾಳೆ ಯಗಾನಾ. ಅವಳ ಮುಂದೆ ನಿಂತು ಕೊಡಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ನೀನೇನಂತೀಯಾ?"

"ನಾನೇನನ್ನಲಿ? ಮೊದಲಿಂದ ಮಾತು ಇದ್ದದ್ದೇ ಹಾಗೆ" ಎಂದೆ.

ಜೂನ್ 11

ರಖಿಯಾಳ ಬಟ್ಟೆಗಳನ್ನೆಲ್ಲ ಒಗೆದು ಮಡಿಸಿದೆ. ಚಪ್ಪಲಿ ಸಣ್ಣದಾಗಿತ್ತು, ಹೊಸದು ತಂದೆ, ಒಂದು ಅಳತೆ ದೊಡ್ಡದೇ. ಮೊಂಗೋದಲ್ಲಿ ನುಣುಪು ದಿಂಬಿನ ಬಟ್ಟೆ ಇರುತ್ತದೋ ಇಲ್ಲವೋ ಎಂದು ಅದನ್ನೂ ಬಿಚ್ಚಿ ಚೀಲಕ್ಕೆ ಹಾಕಿದೆ. ಸಂಜೆ ನೋಡಿದರೆ ಅದು ಮತ್ತೆ ದಿಂಬಿನ ಮೇಲಿದೆ. ನಾನು ಹಾಕಿದ್ದೇ ಸುಳ್ಳೇನೋ. ಇತ್ತೀಚೆಗೆ ಮರೆವು ಜಾಸ್ತಿ.

ಜೂನ್ 15

ಅಜ್ಜಿ ಕಲ್ತೂಮಾ ಬಂದಳು. ದನಿ ಕೇಳಿ ಆನೆಯಂಥ ಹೆಂಗಸನ್ನು ಊಹಿಸಿದ್ದೆ. ಬಸ್ಸಿನಿಂದ ಇಳಿದದ್ದು ಗುಬ್ಬಿ. ನನ್ನ ಭುಜಕ್ಕೂ ಬರುವುದಿಲ್ಲ. ಕೆನ್ನೆಯ ಮೂಳೆ ಎದ್ದಿದೆ. ತಲೆಯ ಬಟ್ಟೆಯ ಕೆಳಗಿಂದ ಬಿಳಿ ಜಡೆಗಳು ತೊಡೆಯವರೆಗೆ ಇಳಿದಿವೆ. ರಖಿಯಾ ಓಡಿಹೋಗಿ ಅಪ್ಪಿಕೊಂಡಳು. ಇಬ್ಬರೂ ಅತ್ತರು. ನಾನು ಚೀಲ ಎತ್ತಿಕೊಂಡೆ.

ಮನೆಗೆ ಬಂದವಳೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀನೇನಾ? ಕೂದಲಿಲ್ಲದಿದ್ರೂ ಲಕ್ಷಣವಾಗಿದ್ದೀಯಲ್ಲ!"

ಊಟಕ್ಕೆ ಹೊಗೆ ಹಾಕಿದ ಮೀನಿನ ಬೆಂಡೆಕಾಯಿ ಸಾರು ಮಾಡಿದ್ದೆ. ಮೂಗು ಮುರಿದಳು. ಆಮೇಲೆ ಎರಡು ಸಲ ಹಾಕಿಸಿಕೊಂಡು ಬೆರಳು ನೆಕ್ಕಿ, "ಹಸಿವಾಗಿತ್ತು, ಅದಕ್ಕೆ" ಎಂದಳು.

ಜೂನ್ 16

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಅಂಗಳದ ಬೇವಿನ ನೆರಳಲ್ಲಿ ಅಜ್ಜಿ ಚಾಪೆ ಹಾಸಿದಳು. ಮೊಮ್ಮಗಳ ಜಡೆ ತಾನೇ ಬಿಚ್ಚಿದಳು. ಎಸಳು ಎಸಳಾಗಿ ಹಿಡಿದು, ತುದಿ ನೋಡಿ, ಮೂಸಿ, ಕೆನ್ನೆಗೆ ಒತ್ತಿಕೊಂಡು ನೋಡಿದಳು. ಏನೂ ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು. ತೊಳೆದು, ಎಣ್ಣೆ ಹಚ್ಚಿ, ಹೆಣೆಯಲು ಕುಳಿತಳು. ಅವಳ ಬೆರಳು ಗಂಟು ಕಟ್ಟಿವೆ. ಮೂರು ಜಡೆಯ ಹೊತ್ತಿಗೆ ಸೋತವು. ನಾನು ಏನೂ ಕೇಳದೆ ಪಕ್ಕ ಕುಳಿತು ಉಳಿದೆರಡನ್ನು ಹೆಣೆದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಏಳು ಮಗಳೇ. ನಿಂತ್ಕೋ" ಎಂದಳು ಕೊನೆಗೆ.

ರಖಿಯಾ ನಿಂತಳು. ತಲೆ ಮುಂದಕ್ಕೆ ಬಗ್ಗಿತು, ಗದ್ದ ಎದೆಗೆ ತಾಗಿತು.

"ತಲೆ ಎತ್ತು."

"ಕುತ್ತಿಗೆ ನೋವು ಅಜ್ಜಿ."

"ಹೌದು ದೊಡ್ಡಮ್ಮ, ದಡಾರ ಆದಾಗಿನಿಂದ ಅವಳಿಗೆ ಅಳೆಯುವಾಗೆಲ್ಲ ಕುತ್ತಿಗೆ..." ಎಂದೆ. ಹೇಳುತ್ತ ಹೇಳುತ್ತ ಮಾತು ಅರ್ಧಕ್ಕೇ ನಿಂತಿತು. ಅಳೆಯುವಾಗ ಮಾತ್ರ. ಆಟ ಆಡುವಾಗ ಇಲ್ಲ, ಮರ ಹತ್ತುವಾಗ ಇಲ್ಲ. ಎರಡು ಡಬ್ಬಿ ಮುಲಾಮು ಖರ್ಚು ಮಾಡಿದ ನಾನೆಂಥ ಔಷಧಿ ಅಂಗಡಿಯವಳು!

ಮುದುಕಿ ಎದ್ದು ಮೊಮ್ಮಗಳ ಮುಂದೆ ಹೋಗಿ ಗದ್ದಕ್ಕೆ ಬೆರಳಿಟ್ಟು ಮುಖ ಎತ್ತಿದಳು. ಹುಡುಗಿಯ ಕಣ್ಣು ತುಂಬಿತ್ತು. ಹಿಂದೆ ಜಡೆಗಳು ಜಾರಿ ನೀಲಿ ಮಣಿಸರ ದಾಟಿ ಇನ್ನೂ ಕೆಳಗೆ ಬಿದ್ದವು. ಒಂದು ಬೆರಳಾದರೂ ದಾಟಿದ್ದವು. ನಾನೂ ನೋಡಿದೆ, ಅವಳೂ ಹಿಂದೆ ಬಂದು ನೋಡಿದಳು. ಬೇವಿನ ಮೇಲೆ ಒಂದು ಕಾಗೆ ಕೂಗುತ್ತಲೇ ಇತ್ತು.

ಅಜ್ಜಿ ಮಣಿಸರವನ್ನು ಬೆರಳಿನಿಂದ ಮುಟ್ಟಿದಳು. ಒಂದೊಂದೇ ಮಣಿ ಸರಿಸಿದಳು. ಮಗಳು ಪೋಣಿಸಿದ ಮಣಿಗಳು.

"ಆಗಿಲ್ಲ" ಎಂದಳು.

ಜಿಬ್ರೀನ್ ಬಾಗಿಲಲ್ಲಿ ನಿಂತಿದ್ದ. ದೇವರು ಅವನಿಗೆ ಒಳ್ಳೆಯ ಮನಸ್ಸು ಕೊಟ್ಟು ಬುದ್ಧಿ ಕೊಡುವುದನ್ನು ಮರೆತಿದ್ದಾನೆ. "ಅಲ್ಲ ಅತ್ತೆ, ಇಲ್ಲಿಂದ ಕಾಣುತ್ತಲ್ಲ, ದಾಟಿಬಿಟ್ಟಿದೆ..."

"ನೀನು ಪಂಪು ನೋಡ್ಕೊ! ಕೂದಲಿನ ವಿಷಯ ಹೆಂಗಸರಿಗೆ ಬಿಡು." ಆಮೇಲೆ ನನ್ನ ಕಡೆ ತಿರುಗಿ ಗಟ್ಟಿಯಾಗಿ, ಇಡೀ ಓಣಿಗೆ ಕೇಳುವ ಹಾಗೆ, "ಕೂದಲು ಬೆಳೆದಿದೆ, ಇಲ್ಲ ಅನ್ನಲ್ಲ. ಆದ್ರೆ ಹುಡುಗೀನೂ ಬೆಳೆದಿದ್ದಾಳೆ. ಸೊಂಟ ಕೆಳಗೆ ಓಡಿದೆ. ಇನ್ನೂ ಆ ಸೊಂಟ ಎಲ್ಲೆಲ್ಲಿಗೆ ಓಡುತ್ತೋ, ಹಿಂದೆ ಹಿಂದೆ ಕೂದಲು ಓಡ್ಬೇಕು. ನನ್ನ ಕಾಲದಲ್ಲಿ ಆಗೋ ಕೆಲಸ ಅಲ್ಲ ಇದು" ಎಂದಳು.

ರಖಿಯಾ ಅಜ್ಜಿಯ ಹೊಟ್ಟೆಗೆ ಮುಖ ಒತ್ತಿದಳು. ನಾನು ಎಣ್ಣೆ ಬಟ್ಟಲು ತೊಳೆಯಲೆಂದು ಒಳಗೆ ಹೋದೆ. ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

ಜೂನ್ 19

ಅಜ್ಜಿಯನ್ನು ಬಸ್ಸಿಗೆ ಹತ್ತಿಸಿ ಬಂದೆವು. ರಖಿಯಾ ಶಾಲೆಯ ದೊಡ್ಡ ರಜೆಯಲ್ಲಿ ಮೊಂಗೋಗೆ ಹೋಗಿ ಬರುವುದೆಂದು ಮಾತಾಗಿದೆ. "ಇವಳ ಜೊತೆ ನೀನೂ ಬಾ, ಕೈ ಸೋತಿದೆ, ನನ್ನ ತಲೆಗೂ ಒಬ್ಬರು ಬೇಕು" ಎಂದಳು. ಹೊಗೆ ಹಾಕಿದ ಮೀನಿನ ಗಂಟೊಂದನ್ನು ಸೀಟಿನ ಕೆಳಗೆ ಅಡಗಿಸಿಕೊಂಡಳು. ಪಕ್ಕದ ಸೀಟಿನ ಹೆಂಗಸಿಗೆ, "ವಾಸನೆ ಅಂದ್ರೆ ಇಳಿಸಿಬಿಡ್ತೀನಿ ನೋಡು" ಎಂದು ಮೊದಲೇ ಹೇಳಿದಳು.

ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡಳು.

"ಯಗಾನಾ, ಒಂದು ಮಾತು. ನನ್ನ ಹಲಿಮೆ ಚಿನ್ನದಂಥವಳು. ಆದ್ರೆ ತಾಳ್ಮೆ ಅನ್ನೋದು ಇರಲಿಲ್ಲ. ಹೆಣೆಯೋವಾಗ ದರದರ ಎಳೀತಿದ್ಳು. ಮಗು ಅತ್ರೆ ಅವಳೂ ಅಳ್ತಿದ್ಳು. ಇಬ್ಬರನ್ನೂ ಸಮಾಧಾನ ಮಾಡೋದೇ ನನ್ನ ಕೆಲಸ ಆಗಿತ್ತು." ಹೇಳಿ ನಕ್ಕಳು. ನಗುತ್ತಲೇ ಬಟ್ಟೆಯಿಂದ ಮುಖ ಮುಚ್ಚಿಕೊಂಡಳು. ಬಸ್ಸು ತಿರುಗುವವರೆಗೂ ಬಟ್ಟೆ ತೆಗೆಯಲಿಲ್ಲ.

ಜೂನ್ 22, ಭಾನುವಾರ

ಮೊದಲ ಮಳೆ. ಅದೂ ಸರಿಯಾಗಿ ಜಡೆಯ ಹೊತ್ತಿಗೆ.

ಇವತ್ತು ರಖಿಯಾಳ ಹಟ ಹೇಳತೀರದು. ಕೂತಲ್ಲಿ ಕೂರಲಿಲ್ಲ. ಬೆರಳು ತಾಗಿದರೂ "ಅಯ್ಯೋ ನೋಯುತ್ತೆ, ಬಿಡು ಚಿಕ್ಕಮ್ಮ, ನೀನು ಎಳೀತೀಯಾ" ಎಂದು ಬೊಬ್ಬೆ. ನಾನಿನ್ನೂ ಎಳೆದೇ ಇರಲಿಲ್ಲ. ಗೋಡೆಯಾಚೆಯಿಂದ ನೆರೆಯವಳು, "ಏನೇ ಅದು, ಮಗೂನ ಕೊಲ್ತಿದ್ದೀಯಾ?" ಎಂದು ಕೇಳಿದಳು. "ಹೌದು, ಅರ್ಧ ಆಗಿದೆ, ಮುಗಿಸಿ ಹೇಳ್ತೀನಿ" ಎಂದೆ.

ಎರಡನೆಯ ಜಡೆಗೆ ಬಂದಿದ್ದೆ, ಮಳೆ ಜೋರಾಯಿತು. ಕೈಯಿಂದ ಜಾರಿಕೊಂಡು ಅಂಗಳಕ್ಕೆ ಓಡಿದಳು. ಒಂದೂವರೆ ಜಡೆ, ಉಳಿದದ್ದೆಲ್ಲ ಕೆದರಿಕೊಂಡು, ಆಗಷ್ಟೇ ಹಚ್ಚಿದ ಎಣ್ಣೆ, ಚೆಬೆ ಎಲ್ಲ ನೀರುಪಾಲು. ಬಾ ಎಂದೆ. ಬರಲಿಲ್ಲ. ಹೊಡೀತೀನಿ ಎಂದೆ. "ಬಾ, ಹಿಡಿ ನೋಡೋಣ!" ಎಂದಳು. ಜಿಬ್ರೀನ್ ಬೇರೆ ಅವಳ ಕಡೆಗೇ.

ಇಂಥ ಹಟಮಾರಿ ಹುಡುಗಿಯನ್ನು ನಾನೆಲ್ಲೂ ಕಂಡಿಲ್ಲ. ಇಷ್ಟು ದಿನದ ಆರೈಕೆಯೆಲ್ಲ ಮಣ್ಣಾಯಿತು. ಈಗ ಪುನಃ ಒಣಗಿಸಬೇಕು, ಪುನಃ ಗಂಟು ಬಿಡಿಸಬೇಕು. ಬಿಸಿನೀರು ಇಟ್ಟಿದ್ದೇನೆ. ಮೂವರೂ ನೆನೆದಿದ್ದೇವೆ.